ಒಲೆಯೊಳಗಿನ ನಡಿಗೆ

“ಆ ಪಿನ್ನಿನ ತಂಟೆಗೆ ಮಾತ್ರ ಹೋಗಬೇಡಿ ಅಳಿಯಂದ್ರೇ. ಅದು ಸಡಿಲ ಇರಬೇಕು. ಹಾಗೇ ಇರಲಿ ಬಿಡಿ.”

ಅತ್ತೆ ಹೀಗೆಂದಾಗ ಫಿಟ್ಟರ್‌ಗೆ ನಗು ತಡೆಯಲಾಗಲಿಲ್ಲ. ನಗಬಾರದಿತ್ತು, ನಿಜ. ಆದರೆ ಹಗಲೆಲ್ಲ ಗೇಟು, ಗ್ರಿಲ್ಲು, ಕಬ್ಬಿಣದ ಕದಗಳಿಗೆ ಕೀಲು ಕೂರಿಸುವುದನ್ನೇ ಕಸುಬು ಮಾಡಿಕೊಂಡವನ ಎದುರು ನಿಂತು ಕೀಲಿನ ಪಿನ್ನು ಸಡಿಲವೇ ಇರಬೇಕು ಎಂದರೆ ಅವನಾದರೂ ಏನು ಮಾಡಬೇಕು? ದರ್ಜಿಯ ಹತ್ತಿರ ಹೋಗಿ ಗುಂಡಿ ಉದುರುವ ಹಾಗೆಯೇ ಹೊಲಿದುಕೊಡಪ್ಪ ಎಂದ ಹಾಗಾಯಿತು.

“ಯಾಕತ್ತೆ, ಬಿಗಿ ಮಾಡಿದ್ರೆ ಒಲೆಗೆ ಸಿಟ್ಟು ಬರುತ್ತಾ?”

ಅತ್ತೆ ನಗಲಿಲ್ಲ. ಸೆರಗಿನಲ್ಲಿ ಬಲಗೈ ಮುಚ್ಚಿಕೊಂಡು ಒಳಗೆ ಹೋದರು. ಆ ಕೈಯ ಹೆಬ್ಬೆರಳನ್ನು ಅವನು ಬಂದ ದಿನವೇ ಗಮನಿಸಿದ್ದ. ಸುಟ್ಟು, ಮಾಗಿ, ಮತ್ತೆ ಸುಟ್ಟು, ತುದಿಯ ಚರ್ಮವೆಲ್ಲ ಹಳೆಯ ಚಪ್ಪಲಿಯ ಅಟ್ಟೆಯಂತೆ ಗಡುಸಾಗಿತ್ತು.

ಒಲೆ ಇದ್ದದ್ದು ಮುಂದಿನ ಕೋಣೆಯ ಮೂಲೆಯಲ್ಲಿ. ಚಳಿಯ ಊರು, ಒಲೆಯಿಲ್ಲದೆ ಸಂಜೆ ಕಳೆಯುವಂತಿಲ್ಲ. ಎರಕದ ಕಬ್ಬಿಣದ ಹಳೆಯ ಸೌದೆ ಒಲೆ. ನಾಲ್ಕು ಗಿಡ್ಡ ಕಾಲು, ನೆತ್ತಿಯ ಮೇಲೊಂದು ಮುಚ್ಚಳ, ಹಿಂದಿನಿಂದ ಗೋಡೆ ಹತ್ತಿ ಹೋದ ಹೊಗೆ ಕೊಳವೆ, ಎದುರಿಗೆ ದಪ್ಪನೆಯ ಕದ. ಸೌದೆ ಹಾಕುವುದು ಮೇಲಿನ ಮುಚ್ಚಳದಿಂದ, ಬೂದಿ ತೆಗೆಯುವುದು ಕೆಳಗಿನ ತಟ್ಟೆಯಿಂದ. ಎದುರಿನ ಕದವನ್ನು ಆ ಮನೆಯಲ್ಲಿ ಯಾರೂ ತೆಗೆಯುತ್ತಿರಲಿಲ್ಲ. ಅದರ ಚಿಲಕ ತುಕ್ಕು ತಿಂದು ಒಲೆಗೇ ಅಂಟಿಕೊಂಡಿತ್ತು. ಕೀಲಿನ ಕಡೆ ಮಾತ್ರ ಮೇಲೊಂದು, ಕೆಳಗೊಂದು ಪಿನ್ನು ತಮ್ಮ ತೂತುಗಳಲ್ಲಿ ಲೊಟಲೊಟ ಆಡುತ್ತ, ಕದ ಒಂದು ಪಕ್ಕಕ್ಕೆ ಜೋತು, ಕಡ್ಡಿ ತೂರುವಷ್ಟು ಸಂದು ಬಿಟ್ಟಿತ್ತು. ಆ ಸಂದಿನಿಂದ ಸದಾ ಹೊಗೆ. ಗೋಡೆ ಕಪ್ಪು, ಪರದೆ ಕಪ್ಪು, ಒಗೆದು ಹಾಕಿದ ಅಂಗಿಗೂ ಹೊಗೆಯ ಕಮಟು.

ಒಲೆ ಕಾದ ಹಾಗೆಲ್ಲ ಪಿನ್ನುಗಳು ಮೆಲ್ಲಗೆ ಮೇಲೇಳುತ್ತಿದ್ದವು. ಆಗ ಅತ್ತೆ ಎಲ್ಲಿದ್ದರೂ ಓಡಿಬಂದು ಬರಿಗೈಯಲ್ಲೇ ಒತ್ತುತ್ತಿದ್ದರು. ಪೂರ್ತಿ ಒತ್ತುವುದೂ ಇಲ್ಲ, ಪೂರ್ತಿ ಏಳಲು ಬಿಡುವುದೂ ಇಲ್ಲ. ಒತ್ತಿ, ತಲೆ ಓರೆ ಮಾಡಿ ಮಾವನ ಕಡೆ ಒಮ್ಮೆ ನೋಡಿ, ಹೋಗುತ್ತಿದ್ದರು. ಇಕ್ಕಳ ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ.

ಫಿಟ್ಟರ್ ಆ ಮನೆಗೆ ಬಂದು ಇನ್ನೂ ಒಂದು ಚಳಿಗಾಲವೂ ಕಳೆದಿರಲಿಲ್ಲ. ಅವನಿಗೆ ಕೆಲಸ ಸಿಕ್ಕಿದ ವರ್ಕ್‌ಶಾಪು ಹೆಂಡತಿಯ ತವರಿಗೆ ಹತ್ತಿರವಿತ್ತು. ಅವಳೂ ಅಲ್ಲೇ ಕ್ಲಿನಿಕ್ಕಿನಲ್ಲಿ ನರ್ಸು. ಬೇರೆ ಮನೆ ಯಾಕೆ ಎಂದು ಇಲ್ಲೇ ಉಳಿದರು. ಅತ್ತೆಯ ಮನೆಯಲ್ಲಿ ಬಂದು ಕೂತ ಅಳಿಯನಿಗೆ ಇರುವ ಎಲ್ಲ ಇರುಸುಮುರುಸೂ ಅವನಿಗಿತ್ತು. ಕೂತರೆ ಕುರ್ಚಿ ಯಾರದೋ, ಎದ್ದರೆ ಚಪ್ಪಲಿ ಇಡುವ ಜಾಗ ಯಾರದೋ. ಅವನನ್ನು ಆ ಮನೆಯವನನ್ನಾಗಿ ಮಾಡಿದ್ದು ಮಾವ ಒಬ್ಬರೇ.

ಮಾವ ಒಂದು ಕಾಲದಲ್ಲಿ ಪೋಸ್ಟ್‌ಮ್ಯಾನ್. ಊರಿನ ಏರು ಬೀದಿಗಳನ್ನೆಲ್ಲ ಕಾಲ್ನಡಿಗೆಯಲ್ಲೇ ಸುತ್ತಿದವರಂತೆ. ಮಗಳು ಹುಟ್ಟುವ ಹೊತ್ತಿಗೆ ಅದೇನಾಯಿತೋ, ಎರಡೂ ಮಂಡಿ ಹಿಡಿದುಕೊಂಡವು. ಆಮೇಲೆ ನಿವೃತ್ತಿಯಾಗುವ ತನಕ ಆಫೀಸಿನ ಗಾಡಿಯಲ್ಲಿ ಹೋಗಿ, ಕೌಂಟರಿನಲ್ಲಿ ಕೂತು ಮುದ್ರೆ ಒತ್ತಿದರು. ಈಗ ಗೋಡೆ ಹಿಡಿದುಕೊಂಡು ಮನೆಯೊಳಗೆ ಓಡಾಡುತ್ತಿದ್ದರು; ಸಂಜೆ ಕಾಲೆಳೆಯುತ್ತ ಗೇಟಿನ ತನಕ ಹೋಗಿ, ಕಂಬಿಗೆ ಕೈಯೂರಿ, ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸಿ ಬರುತ್ತಿದ್ದರು. ದಿನವೆಲ್ಲ ಅವರು ಕಾಯುತ್ತಿದ್ದದ್ದು ಅದೊಂದಕ್ಕೇ.

“ಏನಪ್ಪಾ ಫಿಟ್ಟರ್, ನನ್ನ ಮಂಡಿಗೂ ಸ್ವಲ್ಪ ಎಣ್ಣೆ ಬಿಟ್ಟು ಕೊಡ್ತೀಯಾ?” ಎಂದು ದಿನಕ್ಕೊಮ್ಮೆಯಾದರೂ ತಮಾಷೆ ಮಾಡುತ್ತಿದ್ದರು. ಮಾಡಿ, ಕೆಮ್ಮುತ್ತಿದ್ದರು. ಹೊಗೆ.

ಆ ಕೆಮ್ಮಿಗಾಗಿಯೇ ಒಲೆ ರಿಪೇರಿ ಮಾಡಿದೆ ಎಂದು ಫಿಟ್ಟರ್ ಆಮೇಲೆ ತನಗೆ ತಾನೇ ಬಹಳ ಸಲ ಹೇಳಿಕೊಂಡ. ಅದು ಅರ್ಧ ಸತ್ಯ. ಹಿಂದಿನ ದಿನ ಊಟಕ್ಕೆ ಕೂತಾಗ ಅವನು ಮತ್ತೆ ಪಿನ್ನಿನ ಮಾತೆತ್ತಿದ್ದಕ್ಕೆ ಅತ್ತೆ, “ಎಲ್ಲಾನೂ ಬಿಗಿ ಮಾಡೋದೇ ದೊಡ್ಡ ವಿದ್ಯೆ ಅಂದ್ಕೋಬೇಡಿ” ಎಂದುಬಿಟ್ಟಿದ್ದರು. ಮಗಳ ಮುಂದೆ. ಆ ಮಾತು ಅವನಿಗೆ ಮುಳ್ಳಿನಂತೆ ನೆಟ್ಟಿತ್ತು. ಉಳಿದರ್ಧ ಸತ್ಯ ಅದು.

ಅತ್ತೆಗೆ ಕನ್ನಡಕ ಬದಲಿಸಬೇಕೆಂದು ಹೆಂಡತಿ ಅವರನ್ನು ಕರೆದುಕೊಂಡು ಹೊರಟ ಮಧ್ಯಾಹ್ನ ಅವನು ರಜೆ ಹಾಕಿ ಮನೆಯಲ್ಲೇ ಉಳಿದ. ಚೀಲದಲ್ಲಿ ವರ್ಕ್‌ಶಾಪಿನಲ್ಲೇ ಕಡೆದು ತಂದ ಎರಡು ಹೊಸ ಪಿನ್ನುಗಳಿದ್ದವು. ಹಳೆಯವಕ್ಕಿಂತ ಒಂದು ನೂಲು ದಪ್ಪ.

“ಮಾಡು ಮಾರಾಯ, ಪುಣ್ಯ ಬರುತ್ತೆ ನಿನಗೆ,” ಎಂದು ಮಾವ ಕುರ್ಚಿಯನ್ನು ಒಲೆಯ ಹತ್ತಿರಕ್ಕೇ ಎಳೆದುಕೊಂಡು ಕೂತರು. “ಅವಳು ಬಂದು ಕೂಗಾಡಿದ್ರೆ ನಾನೇ ಹೇಳಿದ್ದು ಅನ್ನು.” ಸುತ್ತಿಗೆ ಕೇಳಿದರೆ ಸುತ್ತಿಗೆ, ಅರ ಕೇಳಿದರೆ ಅರ, ಅವರೇ ಎತ್ತಿ ಕೊಟ್ಟರು.

ಕದ ಕಳಚದೆ ಪಿನ್ನು ಬದಲಿಸುವ ಒಂದು ಕ್ರಮವಿದೆ. ಹೊಸ ಪಿನ್ನನ್ನು ಹಳೆಯದರ ತಲೆಯ ಮೇಲಿಟ್ಟು ಹೊಡೆಯುತ್ತ ಹೋಗುವುದು. ಹೊಸದು ಒಳಗೆ ಹೋದಷ್ಟೂ ಹಳೆಯದು ಕೆಳಗಿನಿಂದ ಹೊರಗೆ. ಕದ ಅಲುಗುವುದೇ ಇಲ್ಲ. ಫಿಟ್ಟರ್ ಹಾಗೇ ಹೊಡೆದ. ಎರಡು ಪಿನ್ನುಗಳ ನಡುವೆ ಕೂದಲೆಳೆಯಷ್ಟು ಜಾಗ ಬಿದ್ದ ಕ್ಷಣ ಮಾವ ಕುರ್ಚಿಯಲ್ಲಿ ನೆಟ್ಟಗಾದರು.

“ಏ ಫಿಟ್ಟರ್! ಕಾಲು ಹಗುರ ಆಯ್ತಲ್ಲೋ! ಈಗ, ಈಗಷ್ಟೇ...” ಎಂದವರು ಏಳಹೊರಟರು. ಸುತ್ತಿಗೆ ಮತ್ತೆ ಬಿತ್ತು. ಅವರು ಹಾಗೇ ಕುಸಿದು ಕೂತರು. “ಹೋಯ್ತು. ಏನೋ ಭ್ರಮೆ.”

ಹೊರಗೆ ಬಿದ್ದ ಹಳೆಯ ಪಿನ್ನನ್ನು ಎತ್ತಿ ನೋಡಿದರೆ ಅದರ ಸುತ್ತ ಉದ್ದಕ್ಕೂ ಸಣ್ಣ ಕಾಲುವೆಯಂತೆ ಗೀರು ಕೊರೆದಿತ್ತು. ಗೀರಿನೊಳಗೆ ಏನೋ ಸುತ್ತಿಟ್ಟಿದ್ದರು. ಕೂದಲು. ಅದರ ಮೇಲೆ ಕಪ್ಪಗೆ ಒಣಗಿದ ಅಂಟು. ಮೂಗಿನ ಹತ್ತಿರ ತಂದರೆ ಹಳಸಿದ ಎಣ್ಣೆ, ಸುಟ್ಟ ಉಗುರು, ಹಳೆಯ ಗಾಯದ ವಾಸನೆ ಒಟ್ಟೊಟ್ಟಿಗೇ ಬಂತು.

“ಏನಪ್ಪಾ ಅದು?”

“ಕೊಳೆ ಮಾವ. ಹಳೇ ಗ್ರೀಸು,” ಎಂದ. ಎಂದು, ಇನ್ನೊಂದನ್ನೂ ಹಾಗೇ ಬದಲಿಸಿ, ಹಳೆಯ ಪಿನ್ನು ಎರಡನ್ನೂ ಅರದಿಂದ ಕೆರೆದು, ಆ ಕೂದಲನ್ನು ಕಾಗದದಲ್ಲಿ ಒರೆಸಿ ಒಲೆಗೇ ಹಾಕಿದ.

ಇಲ್ಲಿಗೆ ನಿಲ್ಲಿಸಿದ್ದರೂ ಆಗುತ್ತಿತ್ತು. ಬೆಂಕಿಯ ಕದಕ್ಕೆ ಪಿನ್ನು ತುಸು ಆಡುವ ಹಾಗೆಯೇ ಬಿಡಬೇಕು, ಕಬ್ಬಿಣ ಕಾದರೆ ಹಿಗ್ಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ ವಿಷಯವೇನಲ್ಲ. ಕಸುಬಿನ ಮೊದಲ ವರ್ಷವೇ ಕಲಿತದ್ದು. ಆದರೂ ಅತ್ತೆಯ ಹೆಬ್ಬೆರಳು ಇನ್ನು ಮೇಲೆ ಅದನ್ನು ಅಲುಗಿಸಬಾರದು ಎಂಬ ಹಟ ಅವನಿಗೆ. ಪಿನ್ನಿನ ಎರಡೂ ತುದಿಗಳನ್ನು ಬಡಿದು ಬಡಿದು ಅಣಬೆಯಂತೆ ಅಗಲ ಮಾಡಿ ರಿವೆಟ್ ಹೊಡೆದ. ಮೇಲಿಂದ ಅರ ಹಾಕಿ ನುಣ್ಣಗೆ ಮಾಡಿದ. ಕದ ಒಲೆಗೆ ಕಚ್ಚಿ ಕೂತಿತು. ಕಾಗದವೂ ತೂರುವಂತಿರಲಿಲ್ಲ.

ಕೊನೆಯ ಏಟಿಗೆ ಅವನ ಬೆನ್ನ ಹಿಂದೆ ಲಟ್ ಎಂದಿತು. ತಿರುಗಿ ನೋಡಿದ. ಮಾವ ಮಂಡಿ ಹಿಡಿದುಕೊಂಡು ಹಲ್ಲು ಕಚ್ಚಿದ್ದರು.

“ಏನಿಲ್ಲ, ಚಳಿಗೆ,” ಎಂದರು. “ಬೆಂಕಿ ಹಾಕು.”

ಬೆಂಕಿ ಹಾಕಿದ. ಸೌದೆ ಹತ್ತಿಕೊಂಡಿತು. ಒಂದು ಎಳೆ ಹೊಗೆಯೂ ಹೊರಗೆ ಬರಲಿಲ್ಲ. ಕೋಣೆ ಬೆಚ್ಚಗಾಯಿತು. ಮಾವ ಕೆಮ್ಮಲಿಲ್ಲ. ಫಿಟ್ಟರ್‌ಗೆ ಎದೆ ಉಬ್ಬಿತು. ಅತ್ತೆ ಯಾವಾಗ ಬಂದಾರು ಎಂದು ಎರಡು ಸಲ ಬಾಗಿಲಿಗೆ ಹೋಗಿ ನೋಡಿ ಬಂದ.

ಅವರು ಬಂದಾಗ ಸಂಜೆಯಾಗಿತ್ತು. ಹೊಸ ಕನ್ನಡಕದ ಅತ್ತೆ ಹೊಸ್ತಿಲಲ್ಲೇ ನಿಂತು ಗಾಳಿಯನ್ನು ಮೂಸಿದರು. ಹೊಗೆಯ ವಾಸನೆ ಇಲ್ಲ. ಅವರ ಕೈಚೀಲ ನೆಲಕ್ಕೆ ಬಿತ್ತು. ಒಲೆಯ ಹತ್ತಿರ ಓಡಿ, ಕಾದ ಪಿನ್ನಿಗೆ ಹೆಬ್ಬೆರಳು ಕೊಟ್ಟು ಮೇಲಕ್ಕೆ ನೂಕಿದರು. ಚರ್ ಎಂದಿತು. ಚರ್ಮ ಸುಟ್ಟ ನಾತ ಬಂತು. ಪಿನ್ನು ಅಲುಗಲಿಲ್ಲ.

“ತೆಗೀರಿ,” ಎಂದರು ಅತ್ತೆ. “ಅಳಿಯಂದ್ರೇ, ನಿಮ್ಮ ಕಾಲಿಗೆ ಬೀಳ್ತೀನಿ. ಈಗ್ಲೇ ತೆಗೀರಿ.”

“ಅಯ್ಯೋ ಏನತ್ತೆ ಇದು! ಕಾದಿದೆ, ಈಗ ಹೇಗೆ ತೆಗೀಲಿ? ಬೆಳಿಗ್ಗೆ ನೋಡೋಣ.”

“ಬೆಳಿಗ್ಗೆ ಅವರು ಇರಲ್ಲ.”

ಮಾವ ನಕ್ಕರು. “ನಾನೆಲ್ಲಿಗೆ ಹೋಗ್ತೀನೇ? ಗೇಟಿನ ತನಕ ಹೋಗಿ ಬರ್ತೀನಿ ಅಷ್ಟೇ,” ಎಂದು ಕುರ್ಚಿಯ ಕೈ ಹಿಡಿದು ಮೇಲೇಳಲು ನೋಡಿದರು. ಆಗಲಿಲ್ಲ. ಮತ್ತೆ ನೋಡಿದರು. ಕಾಲುಗಳು ಮರದ ಕೊರಡಿನಂತೆ ಚಾಚಿಕೊಂಡೇ ಇದ್ದವು. ಅವರ ಮುಖದ ನಗು ಮೆಲ್ಲಗೆ ಆರಿತು. ಹೆಂಡತಿ ಬಿಸಿನೀರಿನ ಚೀಲ ತಂದಳು, ಉಜ್ಜಿದಳು, ಡಾಕ್ಟರಿಗೆ ಫೋನು ಮಾಡಿದಳು. ಚಳಿಗೆ ಹೀಗಾಗುತ್ತೆ, ಒಂದು ನೋವಿನ ಮಾತ್ರೆ ಕೊಡಿ ಎಂದರಂತೆ ಅವರು.

“ಕೇಳಿದ್ರಲ್ಲ ಅತ್ತೆ? ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ,” ಎಂದ ಫಿಟ್ಟರ್. ಅವನ ದನಿಯಲ್ಲಿ ಇನ್ನೂ ಹಟವಿತ್ತು. ಆ ಹೊತ್ತಿಗೇ ಉಳಿ ಹಿಡಿದಿದ್ದರೆ! ಆಗ ಇನ್ನೂ ಕಾಲು ಮಾತ್ರ ಹೋಗಿತ್ತು.

ಕತ್ತಲಾಯಿತು. ಒಲೆಯ ಬೆನ್ನು ಕೆಂಪಗಾಗುತ್ತ ಬಂತು. ಆಗ ಆ ಸದ್ದು ಶುರುವಾಯಿತು.

ಮೊದಲು ಕೆಂಡ ಜರುಗಿದ್ದು ಅಂದುಕೊಂಡ. ಮತ್ತೆ ಆಯಿತು. ಟಕ್. ಟಕ್. ಕೆಂಡಕ್ಕೆ ಅಷ್ಟು ತಾಳ ಎಲ್ಲಿಂದ ಬರಬೇಕು? ಟಕ್, ಟಕ್, ಟಕ್. ಬೂಟುಗಾಲಿನಲ್ಲಿ ಯಾರೋ ನಡೆಯುತ್ತಿದ್ದರು. ಗಟ್ಟಿಯಾದ, ಅಭ್ಯಾಸವಾದ, ಅವಸರವಿಲ್ಲದ ಹೆಜ್ಜೆ. ಬೀದಿಯ ಕಡೆಯಿಂದ ಅಲ್ಲ. ಒಲೆಯ ಒಳಗಿನಿಂದ. ಆ ಮೊಳದಷ್ಟು ಅಗಲದ ಬೆಂಕಿಯ ಗೂಡಿನಲ್ಲಿ ಯಾರೋ ಅತ್ತಿಂದಿತ್ತ ನಡೆಯುತ್ತಿದ್ದರು.

ಫಿಟ್ಟರ್ ಹೆಂಡತಿಯ ಕಡೆ ನೋಡಿದ. ಅವಳಿಗೂ ಕೇಳಿಸಿತ್ತು.

“ಅಮ್ಮಾ, ಯಾರದು?”

ಅತ್ತೆ ಸುಟ್ಟ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನೆಲದ ಮೇಲೆ ಕೂತಿದ್ದರು. ಮಾವ ಕಣ್ಣು ಮುಚ್ಚಿದ್ದರು. ಮಾತ್ರೆಯ ಮಂಪರೋ, ಪ್ರಜ್ಞೆಯೇ ತಪ್ಪಿತ್ತೋ. ಅತ್ತೆ ಅವರ ಮುಖವನ್ನು ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು.

“ನಿಮ್ಮಪ್ಪಂದೇ ನಡಿಗೆ ಕಣೇ. ನಾನೇ ಅದರೊಳಗೆ ಇಡಿಸಿದ್ದು. ಆಗ ನೀನು ಹೊಟ್ಟೇಲಿದ್ದೆ. ಮೇಲಿನ ಬೀದೀಲಿ ಒಬ್ಬಳಿದ್ಲು. ಇವರು ಟಪಾಲು ಕೊಡೋಕೆ ಹೋದವರು ಅಲ್ಲೇ ಕೂರೋಕೆ ಶುರು ಮಾಡಿದ್ರು. ಒಂದಿನ ಅವಳ ಜೊತೆ ಊರು ಬಿಟ್ಟು ಹೊರಡ್ತಾರೆ ಅಂತ ಗೊತ್ತಾಯ್ತು. ಹೊಟ್ಟೆ ಹೊತ್ಕೊಂಡು ಎಲ್ಲಿಗೆ ಹೋಗ್ಲಿ ನಾನು? ಮಾಟ ಮಾಡೋನ ಹತ್ರ ಹೋದೆ. ಇವರ ತಲೆ ಕೂದಲು, ಬೂಟಿನ ಮಣ್ಣು ಕೇಳಿದ. ಕೊಟ್ಟೆ. ಎರಡು ಪಿನ್ನು ಮಾಡಿ, ಒಲೆ ಕದಕ್ಕೆ ಹೊಡಿ ಅಂತ ಕೊಟ್ಟ. ಹೊರಗೆ ಹೋಗೋ ನಡಿಗೆನೆಲ್ಲ ಈ ಬಾಗಿಲೊಳಗೆ ಹಾಕಿದೀನಿ, ನಡಿಗೆ ಅನ್ನೋದು ಬಾಗಿಲಿಂದ್ಲೇ ಹೊರಗೆ ಬರಬೇಕು, ಬೇರೆ ದಾರಿ ಇಲ್ಲ ಅದಕ್ಕೆ, ಅಂದ.”

“ಅಮ್ಮಾ...”

“ಪಿನ್ನು ಹೊಡೆದ ಸಂಜೆ ಕಾಲು ಹೋಯ್ತು. ಆಮೇಲೆ ಸೊಂಟ. ಆಮೇಲೆ ಉಸಿರು ಹಿಡ್ಕೊಳ್ತು. ಕೊಲ್ಲೋಕೆ ಹೇಳಿರಲಿಲ್ಲ ಕಣೇ ನಾನು! ಓಡಿ ಬಂದು ಪಿನ್ನು ಸಡಿಲ ಮಾಡಿದೆ. ಸಂದಿನಿಂದ ಸ್ವಲ್ಪ ನಡಿಗೆ ಹೊರಗೆ ಬಂತು. ಗೇಟಿನ ತನಕ ಆಗೋಷ್ಟು. ಅಷ್ಟು ಸಾಕು ಅಂತ...” ಅವರ ದನಿ ಒಡೆಯಿತು. “ಅಷ್ಟು ಸಾಕು ಅಂತ ಇಷ್ಟು ವರ್ಷ ಅಳತೆ ಮಾಡಿ ಬಿಟ್ಟೆ.”

  ಕುರ್ಚಿಯಲ್ಲಿ ಲಟ್ ಎಂದಿತು. ಮಾವನ ಸೊಂಟ ತಾನಾಗಿ ನೆಟ್ಟಗಾಯಿತು. ಲಟ್. ಬೆನ್ನು. ಅವರ ಕಣ್ಣು ತೆರೆದುಕೊಂಡವು. ಮೈ ಹಲಗೆಯಂತೆ ಸೆಟೆದು ಕುರ್ಚಿಯಿಂದ ಜಾರತೊಡಗಿತು. ಹೆಂಡತಿ ಹಿಡಿದು ನೆಲಕ್ಕೆ ಮಲಗಿಸಿದಳು. ಅದೇ ಹೊತ್ತಿಗೆ ಒಲೆಯೊಳಗಿನ ಹೆಜ್ಜೆಗಳು ನಿಂತವು.  ಆಮೇಲೆ ಕದಕ್ಕೆ ಒಳಗಿನಿಂದ ಧಡ್ ಎಂದು ಒದೆ ಬಿತ್ತು.

“ಎದೆ ಏಳ್ತಿಲ್ಲ,” ಎಂದಳು ಹೆಂಡತಿ. ನರ್ಸಿನ ದನಿಯಲ್ಲ, ಮಗಳ ದನಿ. “ರೀ, ಅಪ್ಪನ ಎದೆ ಏಳ್ತಿಲ್ಲ!”

ಫಿಟ್ಟರ್ ಉಳಿ, ಸುತ್ತಿಗೆ ಹಿಡಿದು ಒಲೆಯ ಮೇಲೆ ಬಿದ್ದ. ರಿವೆಟ್ಟಿನ ತಲೆ ಕತ್ತರಿಸಬೇಕು, ಅಷ್ಟೇ. ಆದರೆ ತಲೆ ಎಲ್ಲಿದೆ? ತಾನೇ ಅರ ಹಾಕಿ ನುಣ್ಣಗೆ ಮಾಡಿದ್ದ. ಉಳಿ ಜಾರಿತು. ಮತ್ತೆ ಜಾರಿತು. ಕಾದ ಕಬ್ಬಿಣ ಹಿಗ್ಗಿ ಪಿನ್ನು, ತೂತು ಒಂದೇ ಆಗಿಬಿಟ್ಟಿದ್ದವು. ಅವನ ಜನ್ಮದಲ್ಲೇ ಅಷ್ಟು ಚೆನ್ನಾದ ಕೆಲಸ ಮಾಡಿರಲಿಲ್ಲ. ಒಳಗಿನಿಂದ ಧಡ್. ಧಡ್. ಕೈ ಸುಟ್ಟಿತು. ಬೆವರು ಕಣ್ಣಿಗಿಳಿಯಿತು. ಸುಟ್ಟ ಕೂದಲಿನ ನಾತ ಕೋಣೆ ತುಂಬಿತು.

“ನಿಲ್ಲಿ! ನಿಲ್ಲಿ ಅಳಿಯಂದ್ರೇ!” ಅತ್ತೆ ಅವನ ತೋಳು ಜಗ್ಗಿದರು. “ಮೊದಲು ಅವರನ್ನ ಎತ್ತಿ ನಿಲ್ಲಿಸಬೇಕು. ಕದದ ಎದುರಿಗೆ. ಇಲ್ದಿದ್ರೆ ನಡಿಗೆ ಅವರೊಳಗೆ ಹೋಗಲ್ಲ, ಅದೊಂದೇ ಹೊರಟು ಹೋಗುತ್ತೆ ಅಂದಿದ್ದ ಆ ಮಾಟದೋನು. ನಿಲ್ಲಿಸಿ, ಆಮೇಲೆ ತೆಗೀರಿ. ಎದ್ದು ಹೋದ್ರೆ ಹೋಗ್ಲಿ. ನಾನು ತಡೆಯಲ್ಲ ಇನ್ನು. ಎಲ್ಲಿಗೆ ಬೇಕಾದ್ರೂ ಹೋಗ್ಲಿ ಅವರು!”

ಅವನಿಗೆ ಕೇಳಿಸಿತು. ಅದನ್ನು ಮಾತ್ರ ಅವನು ಎಂದೂ ಇಲ್ಲವೆನ್ನಲಾರ. ಪ್ರತಿ ಅಕ್ಷರವೂ ಕೇಳಿಸಿತು. ಅತ್ತೆ, ಮಗಳು ಸೇರಿ ಮಾವನ ತೋಳಿಗೆ ಕೈಹಾಕಿ ಎತ್ತುತ್ತಿದ್ದರು. ಸೆಟೆದ ಮೈ ಅವರಿಬ್ಬರ ಕೈಗೆ ಏಳುತ್ತಿರಲಿಲ್ಲ. ಅವನೊಂದು ಕೈ ಕೊಟ್ಟಿದ್ದರೆ ಏಳುತ್ತಿತ್ತು. ಆದರೆ ಮಾವನ ತುಟಿ ನೀಲಿಯಾಗಿತ್ತು. ಅವರ ಕಣ್ಣು ಅವನನ್ನೇ ನೋಡುತ್ತಿದ್ದವು. ಆ ನೋಟ ನಿಲ್ಲಬೇಕು. ಈಗಲೇ ನಿಲ್ಲಬೇಕು. ಮಾಡಿದ್ದನ್ನು ಅಳಿಸಬೇಕು. ಉಳಿ ಬಿಸಾಡಿದ. ದೊಡ್ಡ ಸುತ್ತಿಗೆ ಎತ್ತಿದ. ಕೀಲಿಗೇ ಹೊಡೆದ. ಒಂದು. ಮತ್ತೊಂದು. ಎರಕದ ಕಬ್ಬಿಣ ಬಾಗುವುದಿಲ್ಲ. ಒಡೆಯುತ್ತದೆ. ಒಡೆಯಿತು.

ಕದ ಹಾರಿ ಗೋಡೆಗೆ ಬಡಿಯಿತು. ದೀಪ ಆರಿತು. ಬೂದಿಯ ಬಿರುಗಾಳಿಯೊಂದು ಅವನ ಮುಖಕ್ಕೆ ರಾಚಿತು. ಕಣ್ಣು ಕಾಣಲಿಲ್ಲ. ಕಿವಿ ಮಾತ್ರ ಕೇಳಿತು. ಟಕ್ ಟಕ್ ಟಕ್ ಟಕ್. ಒಬ್ಬನ ಹೆಜ್ಜೆಯಲ್ಲ. ನೂರು, ಸಾವಿರ. ಒಂದರ ಮೇಲೊಂದು ಬಿದ್ದು ಹೊರಗೆ ಓಡಿ ಬಂದವು. ಅವನ ಪಕ್ಕದಲ್ಲೇ ಹಾದವು. ಮಲಗಿದ್ದ ಮಾವನ ಹತ್ತಿರ ತಡೆದವು. ಸುತ್ತಿದವು. ನಿಂತ ಕಾಲುಗಳನ್ನು ಹುಡುಕಿದವು. ಇರಲಿಲ್ಲ. ಬಾಗಿಲು ದಾಟಿದವು. ಮೆಟ್ಟಿಲು ಇಳಿದವು. ಗೇಟು ಕಿರ್ರೆಂದಿತು.

ಆಮೇಲೆ ಕತ್ತಲಲ್ಲಿ ಮಾವ ದೀರ್ಘವಾಗಿ ಉಸಿರೆಳೆದುಕೊಂಡ ಸದ್ದು.

ಬದುಕಿದರು. ಹೆಂಡತಿ ಅಪ್ಪನನ್ನು ತಬ್ಬಿಕೊಂಡು ಗಟ್ಟಿಯಾಗಿ ಅತ್ತಳು. ಕೈ ಬಂತು, ಬೆನ್ನು ಬಂತು, ಮಾತು ಬಂತು. ಫಿಟ್ಟರ್ ಟಾರ್ಚ್ ಹಿಡಿದು ನೆಲ ನೋಡಿದ. ಒಲೆಯ ಬಾಯಿಯಿಂದ ಹೊಸ್ತಿಲ ತನಕ ಮಸಿಯ ಬೂಟುಗುರುತುಗಳು. ಅವನ್ನೇ ಹಿಡಿದು ಗೇಟು ದಾಟಿ ಹೋದ. ಏರು ಹತ್ತಿದ. ಮೇಲಿನ ಬೀದಿಯ ಕೊನೆಯಲ್ಲಿ, ಬೀಗ ಹಾಕಿ ಪಾಳು ಬಿದ್ದ ಒಂದು ಮನೆಯ ಮುಂದೆ ಗುರುತುಗಳು ಗಿಜಿಗಿಜಿ ಮೂಡಿದ್ದವು. ಯಾರೋ ಬಾಗಿಲು ತಟ್ಟಿ, ಕಾದು, ಶತಪಥ ಹಾಕಿದ ಹಾಗೆ. ಅಲ್ಲಿಂದ ಮುಂದೆ ಊರು ಬಿಡುವ ರಸ್ತೆ. ಗುರುತುಗಳು ಮಾಸುತ್ತ ಮಾಸುತ್ತ ಅದರಲ್ಲೇ ಹೋಗಿದ್ದವು. “ಮಾವನ ನಡಿಗೇ, ಬಾ” ಎಂದು ಕರೆಯುವುದಾದರೂ ಹೇಗೆ? ಅವನು ರಸ್ತೆಯ ಮಧ್ಯೆ ಕುಕ್ಕರಗಾಲಿನಲ್ಲಿ ಕೂತು, ಸುಟ್ಟ ಕೈಯಲ್ಲಿ ಮುಖ ಮುಚ್ಚಿಕೊಂಡ.

ಕಾಲು ಬರಲಿಲ್ಲ. ಗೋಡೆ ಹಿಡಿದು ಓಡಾಡುವಷ್ಟೂ ಬರಲಿಲ್ಲ. ದೊಡ್ಡ ಆಸ್ಪತ್ರೆಯವರು ಫೋಟೋ ತೆಗೆದು, ಮೂಳೆ ಚೆನ್ನಾಗಿದೆ, ನರವೂ ಚೆನ್ನಾಗಿದೆ, ನಡೆಯುವುದೇ ಮರೆತುಹೋಗಿದೆ ಅನ್ನಿಸುತ್ತೆ ಎಂದರು. ಮಾವನಿಗೆ ಆ ಸಂಜೆಯ ನೆನಪು ಸರಿಯಾಗಿ ಇರಲಿಲ್ಲ. ಚಳಿಗೆ ಮೈ ಸೆಟೆಯಿತು, ಅಳಿಯ ಉಳಿಸಿಕೊಂಡ, ಗಡಿಬಿಡಿಯಲ್ಲಿ ಒಲೆ ಒಡೆಯಿತು ಎಂದು ಮನೆಯಲ್ಲಿ ಎಲ್ಲರೂ ಅವರಿಗೆ ಹೇಳಿದರು. ಬಂದವರ ಮುಂದೆಲ್ಲ ಅವರು ಅಳಿಯನನ್ನು ಹೊಗಳಿದರು. ಹೆಂಡತಿ ಆ ವಿಷಯ ಒಮ್ಮೆಯೂ ಎತ್ತಲಿಲ್ಲ. ರಾತ್ರಿ ಅವನ ಕಡೆ ಬೆನ್ನು ಹಾಕಿ ಮಲಗುತ್ತಿದ್ದಳು, ಅಷ್ಟೇ. ಅತ್ತೆ ಅವನಿಗೆ ಊಟ ಬಡಿಸುವಾಗ ಅವನ ಮುಖ ನೋಡುತ್ತಿರಲಿಲ್ಲ, ಅವನೂ ನೋಡುತ್ತಿರಲಿಲ್ಲ. ಒಂದೇ ಮನೆಯ ಇಬ್ಬರು ಕಳ್ಳರಂತೆ ಅವರು ಒಬ್ಬರಿಗೊಬ್ಬರು ದಾರಿ ಬಿಟ್ಟುಕೊಂಡು ಓಡಾಡಿದರು.

ಸಂಜೆಯಾದರೆ ಫಿಟ್ಟರ್ ಎಲ್ಲಿದ್ದರೂ ಮನೆಗೆ ಬರುತ್ತಿದ್ದ. ಮಾವನನ್ನು ಎರಡು ಕೈಯಲ್ಲಿ ಎತ್ತಿಕೊಂಡು ಗೇಟಿಗೆ ಒಯ್ದು, ಕುರ್ಚಿಯಲ್ಲಿ ಕೂರಿಸುತ್ತಿದ್ದ. ಮಾವ ಹೋಗಿ ಬರುವವರನ್ನು ಮಾತಾಡಿಸುತ್ತಿದ್ದರು. ಅವನು ಪಕ್ಕದಲ್ಲಿ ನಿಲ್ಲುತ್ತಿದ್ದ.

ಒಂದು ಸಂಜೆ ಬೀದಿ ಖಾಲಿಯಿತ್ತು. ಮಾವ ಏರಿನ ಕಡೆಗೇ ನೋಡುತ್ತ ಬಹಳ ಹೊತ್ತು ಕೂತಿದ್ದರು.

“ಫಿಟ್ಟರ್, ಒಂದು ವಿಷಯ ಹೇಳ್ಲಾ? ಮನೇಲಿ ಯಾರಿಗೂ ಹೇಳಿಲ್ಲ ನಾನು. ನಿನ್ನ ಹೆಂಡತಿ ಹುಟ್ಟೋ ಮುಂಚೆ, ಒಬ್ಬಳಿಗೆ ಬರ್ತೀನಿ ಅಂತ ಮಾತು ಕೊಟ್ಟಿದ್ದೆ. ತಪ್ಪೇ ಅದು, ಒಪ್ತೀನಿ. ಆದ್ರೂ ಮಾತು ಮಾತೇ. ಅವಳು ಮನೆ ಖಾಲಿ ಮಾಡಿ, ಬ್ಯಾಗು ಹಿಡ್ಕೊಂಡು ಕಾಯ್ತಾ ನಿಂತಿದ್ಲಂತೆ. ಕತ್ತಲಾಗೋ ತನಕ ನಿಂತಿದ್ಲಂತೆ. ನಾನು ಇದೇ ಗೇಟಿಗೆ ಬಂದು ಕಂಬಿ ಹಿಡ್ಕೊಂಡು ನಿಂತೆ. ಮುಂದಕ್ಕೆ ಹೆಜ್ಜೆ ಏಳಲಿಲ್ಲ.”

ಫಿಟ್ಟರ್ ಗೇಟಿನ ಕಂಬಿಯ ತುಕ್ಕನ್ನು ಉಗುರಿನಿಂದ ಕೆರೆದ.

“ಮಂಡಿ ನೋವು ಅಂತ ಎಲ್ಲರಿಗೂ ಹೇಳಿದೆ. ಅವಳಿಗೂ ಹಾಗೇ ಬರೆದೆ. ಮಂಡಿ ಅಲ್ಲಪ್ಪ. ನಾನು ಹೇಡಿ. ಅವಳು ಆಮೇಲೆ ಎಲ್ಲಿ ಹೋದ್ಲೋ, ಏನಾದ್ಲೋ. ಅವಳ ಹಾಗೆ ನಂಬಿದೋರ್ನ ಬೀದೀಲಿ ನಿಲ್ಲಿಸಿದ್ದಕ್ಕೇ ನನಗೆ ಈ ಗತಿ ಬಂದಿದ್ದು ಅಂತ ಗೊತ್ತು ನನಗೆ. ಇಷ್ಟು ವರ್ಷ ಅದೊಂದೇ ಯೋಚನೆ, ನಿದ್ದೇಲೂ ಅದೇ.” ಅವರು ಮುಖ ಎತ್ತಿ ಅಳಿಯನನ್ನು ನೋಡಿದರು. ಕಣ್ಣು ತುಂಬಿತ್ತು. “ನೀನು ಕಬ್ಬಿಣ ಬಲ್ಲೋನು, ನೇರ ಮನುಷ್ಯ. ನೀನೇ ಹೇಳು. ನಿಜವಾಗ್ಲೂ ಹೋಗೋ ಮನಸ್ಸಿದ್ದಿದ್ರೆ ಕಾಲು ಬರ್ತಿರಲಿಲ್ವಾ?”

ಕಿಟಕಿಯ ಪರದೆ ಅಲುಗಿತು. ಅತ್ತೆ ಅಲ್ಲಿ ನಿಂತಿದ್ದರು. ಎಲ್ಲವೂ ಅವರಿಗೆ ಕೇಳಿಸಿತ್ತು. ಒಂದು ಮಾತು ಸಾಕಿತ್ತು. ಅದು ನಿಮ್ಮ ತಪ್ಪಲ್ಲ ಮಾವ, ನೀವು ಹೊರಟಿದ್ದಿರಿ, ಹಿಡಿದು ನಿಲ್ಲಿಸಿದರು ಎಂಬ ಒಂದೇ ಮಾತು. ಆಡಿದರೆ ಮುದುಕರ ಎದೆಯ ಮೇಲಿನ ಕಲ್ಲು ಇಳಿಯುತ್ತಿತ್ತು. ಹಾಗೇ, ಯಾರು ಹಿಡಿದರು, ಆಮೇಲೆ ಯಾರು ಬಿಗಿದರು, ಎತ್ತಿ ನಿಲ್ಲಿಸಿ ಎಂದಾಗ ಯಾರು ಕೇಳಲಿಲ್ಲ ಎಂಬುದೆಲ್ಲ ಅದರ ಹಿಂದೆಯೇ ಬರುತ್ತಿತ್ತು. ಫಿಟ್ಟರ್ ಕಿಟಕಿಯ ಕಡೆ ಒಮ್ಮೆ ನೋಡಿದ. 

“ಬರ್ತಿತ್ತು ಮಾವ,” ಎಂದ.

ಮಾವ ಮೆಲ್ಲಗೆ ತಲೆಯಾಡಿಸಿದರು. “ಅದೇ ಮತ್ತೆ. ನನಗೂ ಹಾಗೇ ಅನ್ನಿಸೋದು,” ಎಂದು ಕಣ್ಣೊರೆಸಿಕೊಂಡರು. ಚಳಿ ಏರುತ್ತಿತ್ತು. ಒಳಗೆ ಹೋಗೋಣ ಎಂಬಂತೆ ಅವರು ಎರಡೂ ಕೈ ಚಾಚಿ, ಅಳಿಯನ ಕೊರಳನ್ನು ಬಿಗಿಯಾಗಿ ತಬ್ಬಿಕೊಂಡರು.